ಆಶ್ಲಿಯ ಗಂಟುಮೂಟೆ

ಹಡಗಿನ ಹಗ್ಗಗಾರಿಕೆಯ ಮಾತೆತ್ತಿದರೆ ಸಾಕು, ಎದುರಿಗಿದ್ದವರು 'ಆಶ್ಲಿ ನೋಡಿದ್ದೀರಾ?' ಎಂದು ಕೇಳುತ್ತಾರೆ. ನೋಡಿದ್ದೇನೆ, ಸ್ವಾಮಿ. ಕ್ಲಿಫರ್ಡ್ ಆಶ್ಲಿ 11 ವರ್ಷ ಕೂತು ಬರೆದು, ಚಿತ್ರಗಳನ್ನೂ ತಾನೇ ಬಿಡಿಸಿ 1944ರಲ್ಲಿ ಹೊರತಂದ 'ದಿ ಆಶ್ಲಿ ಬುಕ್ ಆಫ್ ನಾಟ್ಸ್' ಇಟ್ಟಿಗೆಯಂಥ ಪುಸ್ತಕ. ಅದರ ಬಗ್ಗೆ ಯಾರು ಬರೆಯಲಿ, ಮೊದಲ ಸಾಲಿಗೇ ಲೆಕ್ಕ ಬಂದುಬಿಡುತ್ತದೆ: 3,800ಕ್ಕೂ ಮಿಕ್ಕ ನಮೂದುಗಳು, 7,000ದ ಹತ್ತಿರ ಚಿತ್ರಗಳು. ಸಂಕಲ್ಪ ಹೇಳಿದ ಹಾಗೆ ಅಂಕಿ ಹೇಳಿ, 'ಗಂಟುಗಳ ಬೈಬಲ್' ಎಂದು ಕೈಮುಗಿದು ಎದ್ದುಹೋಗುತ್ತಾರೆ. ಪುಸ್ತಕ ದೊಡ್ಡದು ಎಂಬುದಕ್ಕೆ ನನ್ನ ತಕರಾರಿಲ್ಲ. ಕೈಮುಗಿಯುವವರು ನಿಂತಿರುವುದು ಗರ್ಭಗುಡಿಯ ಎದುರಲ್ಲ, ಉಗ್ರಾಣದ ಎದುರು ಎಂದಷ್ಟೇ ನನ್ನ ದೂರು.

ಆಶ್ಲಿಯ ಒಳ್ಳೆಯ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರೂ ಹೇಳಿದ್ದೇ. ತಿಮಿಂಗಿಲ ಬೇಟೆಯ ಊರಾದ ನ್ಯೂ ಬೆಡ್‌ಫರ್ಡ್‌ನಲ್ಲಿ 1881ರಲ್ಲಿ ಹುಟ್ಟಿದವನು. ಹೊವರ್ಡ್ ಪೈಲ್‌ನ ಬಳಿ ಚಿತ್ರ ಕಲಿತವನು. 1904ರಲ್ಲಿ 'ಸನ್‌ಬೀಮ್' ಎಂಬ ಬೇಟೆ ಹಡಗು ಹತ್ತಿದ್ದೂ ಪತ್ರಿಕೆಗೆ ಬರೆಯಲೆಂದೇ. ಜೀವಮಾನವೆಲ್ಲ ಉಪ್ಪುನೀರು ಕುಡಿದ ಮುದಿ ನಾವಿಕನ ಪುಸ್ತಕ ಇದೆಂದು ನಂಬಿದವರಿಗೆ ಈ ಕೊನೆಯ ವಿವರ ರುಚಿಸುವುದಿಲ್ಲ. ನನಗೆ ಮಾತ್ರ ಅವನ ಮೇಲಿನ ಗೌರವ ಹೆಚ್ಚುವುದೇ ಅಲ್ಲಿ. ಕಸುಬುಗಳಿಗೆ ಮೀಸಲಾದ ಎರಡನೆಯ ಅಧ್ಯಾಯ ಓದಿ. ಕಟುಕ, ಚಮ್ಮಾರ, ಬಿಲ್ಲುಗಾರ ಎಂದು ಒಬ್ಬೊಬ್ಬನ ಗಂಟೂ ಅವನವನ ಕೈಯಲ್ಲೇ ಇದೆ. ವರದಿಗಾರ ಆಶ್ಲಿ ಅಲ್ಲಿ ಸಿಗುತ್ತಾನೆ. ಜನ ಹೊಗಳುವುದು ಗುಮಾಸ್ತ ಆಶ್ಲಿಯನ್ನು.

ಆ ಗುಮಾಸ್ತ ಕಾಣುವುದು ಟರ್ಕ್ಸ್ ಹೆಡ್ ಎಂಬ ಗಂಟಿನಲ್ಲಿ. ಹೆಸರಿನಲ್ಲಿ ತುರ್ಕಿ ರುಮಾಲು ಇದ್ದರೂ ನಮ್ಮ ಕಣ್ಣಿಗೆ ಅದು ಸಿಂಬೆ. ಕೊಡ ಹೊರುವ ಹೆಂಗಸರು ತಲೆಯ ಮೇಲಿಡುವ ಸಿಂಬೆಯನ್ನು ಸಣ್ಣ ಹುರಿಯಿಂದ ಹೆಣೆದು ಒಂದು ಕೋಲಿಗೆ ತೊಡಿಸಿದರೆ ಹೇಗೋ ಹಾಗೆ. ಆಶ್ಲಿ ಇದಕ್ಕೆ ಒಂದಿಡೀ ಅಧ್ಯಾಯ ಕೊಟ್ಟಿದ್ದಾನೆ. ಅದರಲ್ಲಿ ಅವನ ಹೆಮ್ಮೆಯ ನಿಯಮವೊಂದಿದೆ, ತಾನೂ ಜಾರ್ಜ್ ಟೇಬರ್ ಎಂಬುವನೂ ಕಂಡುಕೊಂಡೆವು ಎನ್ನುತ್ತಾನೆ: ಎಳೆಗಳ ಸಂಖ್ಯೆಗೂ ಅಂಚಿನ ಬಾಗುಗಳ ಸಂಖ್ಯೆಗೂ ಸಾಮಾನ್ಯ ಅಪವರ್ತನ ಇದ್ದರೆ ಒಂದೇ ಹುರಿಯಲ್ಲಿ ಗಂಟು ಮುಗಿಯದು. ಮೂರೆಳೆ ನಾಲ್ಕು ಬಾಗು ಸರಿ, ಮೂರೆಳೆ ಐದು ಬಾಗು ಸರಿ. ಮೂರೆಳೆ ಆರು ಬಾಗು ಆಗದು. ನಾಲ್ಕೆಳೆ ಆರು ಬಾಗೂ ಆಗದು.

ನಂಬದೆ ನಾನೂ ಒಮ್ಮೆ ಕೂತೆ. ಹಿತ್ತಾಳೆ ಚೊಂಬಿನ ಕಂಠಕ್ಕೆ ಹತ್ತಿಯ ಹುರಿ ಹಿಡಿದು ಮೂರೆಳೆ ಆರು ಬಾಗು ಹೊರಟರೆ, ಮೂರನೆಯ ಒಂದು ಪಾಲು ಆಗುವಷ್ಟರಲ್ಲಿ ಹುರಿಯ ತುದಿ ಹೊರಟ ಜಾಗಕ್ಕೇ ಬಂದು ಕೂತಿತು. ಬಿಚ್ಚಿದೆ, ಕಟ್ಟಿದೆ, ಮತ್ತೆ ಅದೇ. ಕಾರಣ ಹೊಳೆದದ್ದು ಪುಸ್ತಕದಿಂದಲ್ಲ, ಜಡೆಯಿಂದ. ಮೂರೆಳೆಯ ಟರ್ಕ್ಸ್ ಹೆಡ್ ಎಂದರೆ ಉಂಗುರವಾಗಿ ಬಾಗಿಸಿ ತಲೆ-ಬಾಲ ಕೂಡಿಸಿದ ಜಡೆ. ಜಡೆ ಹೆಣೆಯುವಾಗ ಎಡದ ಕಾಲೊಮ್ಮೆ ನಡುವಿಗೆ, ಬಲದ ಕಾಲೊಮ್ಮೆ ನಡುವಿಗೆ. ಹೀಗೆ ಒಂದು ಜೊತೆ ಹೆಣಿಗೆಯಾದರೆ ಅಂಚಿನಲ್ಲಿ ಒಂದು ಬಾಗು, ಮತ್ತು ಮೂರು ಕಾಲುಗಳೂ ಒಂದೊಂದು ಮನೆ ಸರಿದಿರುತ್ತವೆ. ಮೂರು ಜೊತೆಯಾದ ಮೇಲೆ ಮೂರೂ ತಮ್ಮ ತಮ್ಮ ಮನೆಯಲ್ಲೇ. ಅಲ್ಲಿ ಕೂಡಿಸಿದರೆ ಪ್ರತಿ ಕಾಲೂ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಮೂರು ಬೇರೆ ಬಳೆಗಳಾಗುತ್ತವೆ. ಆರಕ್ಕೂ ಒಂಬತ್ತಕ್ಕೂ ಇದೇ ಗತಿ. ನಾಲ್ಕಕ್ಕೆ ಕೂಡಿಸಿದರೆ ಒಂದರ ಬಾಲ ಇನ್ನೊಂದರ ತಲೆಗೆ ಬಂದು, ಮೂರೂ ಸೇರಿ ಒಂದೇ ಹುರಿ. ನಿಯಮ ಇಷ್ಟೇ. ಬೆಳಗ್ಗೆ ಎರಡು ಜಡೆ ಹೆಣೆಸಿಕೊಂಡು ಶಾಲೆಗೆ ಹೋಗಿ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ಕಲಿಯುವ ಹುಡುಗಿಯ ತಲೆಯಲ್ಲಿ, ಒಳಗೂ ಹೊರಗೂ, ಇದು ಆಗಲೇ ಇದೆ.

ಆಶ್ಲಿಯನ್ನು ಕೆಳಗಿಳಿಸಲು ಇದನ್ನು ಹೇಳುತ್ತಿಲ್ಲ (ಸ್ವಲ್ಪ ಇಳಿಸಲೂ ಹೌದು). ಅವನ ಗಮನ ಎತ್ತ ವಾಲಿತು ಎಂಬುದು ಇಲ್ಲಿ ಕಾಣುತ್ತದೆ. ಯಾವ ಎಳೆಗೆ ಎಷ್ಟು ಬಾಗು ಒಗ್ಗುತ್ತದೆಂಬ ಎಣಿಕೆಗೆ ಬಿದ್ದವನ ಕೈಯಲ್ಲಿ ಗಂಟು ಹಡಗು ಬಿಟ್ಟು ಇಳಿಯುತ್ತದೆ. ಆದರೆ ಹಡಗಿನಲ್ಲಿ ಅದು ಇದ್ದದ್ದೆಲ್ಲಿ? ಚುಕ್ಕಾಣಿ ಚಕ್ರದ ಒಂದು ಅರದ ಹಿಡಿಯ ಮೇಲೆ. ಚುಕ್ಕಾಣಿ ನೇರಕ್ಕಿದ್ದಾಗ ಯಾವ ಅರ ನೆಟ್ಟಗೆ ಮೇಲೆ ನಿಲ್ಲುತ್ತದೋ ಅದಕ್ಕೆ ನಾವಿಕರು 'ಕಿಂಗ್ ಸ್ಪೋಕ್' ಎನ್ನುತ್ತಾರೆ. ಕತ್ತಲಲ್ಲಿ, ಕಣ್ಣು ದಿಕ್ಸೂಚಿಯ ಮೇಲೋ ಹಾಯಿಯ ಅಂಚಿನ ಮೇಲೋ ಇರುವಾಗ, ಅಂಗೈಗೆ ಆ ಉಬ್ಬು ತಾಗಿದರೆ ಚುಕ್ಕಾಣಿ ನಡುವಿಗೆ ಬಂತು ಎಂದು ಅರ್ಥ.

ಅಲಂಕಾರದ ಗಂಟುಗಳನ್ನು 'ಬಿಡುವಿನ ಹೊತ್ತಿನ ಆಟ' ಎಂದು ತಳ್ಳಿಹಾಕುವ ವಿಮರ್ಶಕರಿಗೆ ಇದನ್ನು ತೋರಿಸಿದರೆ, ಹಿತ್ತಾಳೆ ಬಿಲ್ಲೆಯೂ ಆ ಕೆಲಸ ಮಾಡುತ್ತದಲ್ಲ ಎನ್ನುತ್ತಾರೆ. ಮಾಡುತ್ತದೆ, ಅರದ ಮರಕ್ಕೆ ಗೀರು ಕೆತ್ತಿದರೂ ಆಗುತ್ತದೆ. ಆದರೆ ಒದ್ದೆ ಕೈಗೆ ಹಿತ್ತಾಳೆ ಜಾರುತ್ತದೆ, ಹುರಿ ಹಿಡಿತ ಕೊಡುತ್ತದೆ. ಸವೆದರೆ ಬಡಗಿಯನ್ನು ಕಾಯಬೇಕಿಲ್ಲ, ಮಾರು ಹುರಿಯೂ ದಬ್ಬಳದಂಥ ಒಂದು ಮೊನೆಯೂ ಇದ್ದವನು ಕೂತಲ್ಲೇ ಹೊಸದು ಕಟ್ಟುತ್ತಾನೆ. ಇನ್ನೊಂದು ಪಂಗಡ ಇದನ್ನು 'ಜನಪದ ಕಲೆ' ಎಂದು ಹೊತ್ತುಕೊಂಡು ಹೋಗಿ, ಮಖಮಲ್ ಹಲಗೆಗೆ ಮೊಳೆ ಹೊಡೆದು, ಗಾಜು ಮುಚ್ಚಿ, ಕೆಳಗೆ ಹೆಸರಿನ ಚೀಟಿ ಅಂಟಿಸುತ್ತದೆ. ಮುಟ್ಟಿ ತಿಳಿಯಬೇಕಾದದ್ದಕ್ಕೆ ಗಾಜು! ಎರಡು ಪಂಗಡಕ್ಕೂ ಜಗಳವಿದೆ ಎಂದುಕೊಂಡಿದ್ದೆ. ಅಲಂಕಾರ ಬೇರೆ, ಕೆಲಸ ಬೇರೆ ಎಂಬ ಮಾತಿನಲ್ಲಿ ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುವವರು.

ಎಣಿಕೆಯ ಚಟ ಎಲ್ಲಿಗೆ ಮುಟ್ಟಿತೆಂದರೆ, 1978ರಲ್ಲಿ ನಿವೃತ್ತ ವೈದ್ಯ ಎಡ್ವರ್ಡ್ ಹಂಟರ್ 'ಹೊಸ ಗಂಟು' ಕಂಡುಹಿಡಿದರೆಂದು ಲಂಡನ್ನಿನ 'ದಿ ಟೈಮ್ಸ್' ಮುಖಪುಟದಲ್ಲಿ ಸುದ್ದಿ ಮಾಡಿತು. ಆಶ್ಲಿಯಲ್ಲಿ ಇಲ್ಲದ ಗಂಟು ಎಂಬುದೇ ಅದರ ಹೆಚ್ಚುಗಾರಿಕೆ. ಆಮೇಲೆ ನೋಡಿದರೆ ಫಿಲ್ ಸ್ಮಿತ್ ಎಂಬ ಅಮೆರಿಕನ್ ಅದನ್ನು 1950ರ ದಶಕದಲ್ಲೇ ಪರ್ವತಾರೋಹಿಗಳ ಪುಸ್ತಕವೊಂದರಲ್ಲಿ ಅಚ್ಚು ಹಾಕಿಸಿದ್ದ. ಈ ಗದ್ದಲದಿಂದ ಹುಟ್ಟಿದ ಆಸಕ್ತಿಯೇ 1982ರಲ್ಲಿ ಗಂಟುಗಾರರ ಅಂತರರಾಷ್ಟ್ರೀಯ ಸಂಘವಾಯಿತು, ಅದು ಒಳ್ಳೆಯದೇ. ಆಶ್ಲಿಯ ಮುಂದಿನ ಮುದ್ರಣಕ್ಕೆ ಆ ಗಂಟನ್ನು 1425ಎ ಎಂದು ಸೇರಿಸಿದರು. ಬಸ್ಸಿನಲ್ಲಿ ಸೀಟಿಲ್ಲದವನಿಗೆ ಎಂಜಿನ್ ಪಕ್ಕ ಜಾಗ ಕೊಟ್ಟ ಹಾಗೆ.

ಇನ್ನೊಂದು ಕೊರತೆ ಚಿತ್ರಗಳದ್ದು, ಇದನ್ನು ಯಾರೂ ಆಡುವುದಿಲ್ಲ. ಆಶ್ಲಿಯ ಗೆರೆ ಸೊಗಸಾದದ್ದು, ಬಾಣದ ಗುರುತು ಹಿಡಿದು ಹೋದರೆ ದಾರಿ ತಪ್ಪದು. ಆದರೆ ಆ ಹಗ್ಗಕ್ಕೆ ನಾರಿಲ್ಲ. ಒಂದೇ ದಪ್ಪದ ನಯವಾದ ಕೊಳವೆ, ಹೇಳಿದಲ್ಲಿ ಬಾಗುತ್ತದೆ. ಅದೇ ಗಂಟನ್ನು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ ನೋಡಿ: ಬಾಗು ಬಾಗಾಗಿ ನಿಲ್ಲುವುದಿಲ್ಲ, ಬಿರುಸಾಗಿ ಒದ್ದು ಬಿಚ್ಚಿಕೊಳ್ಳುತ್ತದೆ, ಬೆರಳು ಕೆಂಪಾಗುತ್ತದೆ. ಹತ್ತಿ ಹುರಿಯ ಲೋಕದಲ್ಲಿ ಅರಳಿದ ಚೆಲುವು ಅದು. ನಾರಿನ ಹಗ್ಗ ಬಾಳಿದ ಲೋಕದಲ್ಲಿ ಹಗ್ಗಗಾರಿಕೆಯ ಚೆಲುವು ಗಂಟಿಗಿಂತ ಹೊಲಿಗೆಯಲ್ಲಿತ್ತು. ಹಲಗೆಯ ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ಸಂದಿನ ಮೇಲೆ ನಾರಿನ ಕಂತೆ ಒತ್ತಿ, ಹುರಿ ಎಳೆದೆಳೆದು ಬಿಗಿದ ದೋಣಿಗಳು. ಮೊಳೆ ಬಡಿದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂದು ನಮ್ಮ ಹೊನ್ನಾವರಕ್ಕೂ ಬಂದುಹೋದ ಇಬ್ನ್ ಬತೂತ 14ನೇ ಶತಮಾನದಲ್ಲೇ ಕಾರಣ ಕೊಟ್ಟಿದ್ದಾನೆ.

ನಾವಾದರೂ ಈ ಹೊಲಿಗೆಯನ್ನು ನೋಡಿದೆವೇ? 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ 'ಕೌಂಡಿನ್ಯ'ವನ್ನು ಸೇರಿಸಿಕೊಂಡಿತು. ಅಜಂತಾದ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಕೇರಳದ ಕುಶಲಿಗಳು ತೆಂಗಿನ ನಾರಿನಿಂದ ಕೈಯಾರೆ ಹೊಲಿದ ಹಡಗು. ಆ ವಾರ ನಾನು ಓದಿದ ವರದಿಗಳಲ್ಲೆಲ್ಲ ಹಾಯಿಯ ಮೇಲಿನ ಗಂಡಭೇರುಂಡ, ಮೂತಿಯ ಮೇಲಿನ ಸಿಂಹಯಾಳಿ. ಗಂಡಭೇರುಂಡ ಕಂಡರೆ ನಮ್ಮವರಿಗೆ ಪುಳಕ, ಸಹಜ. ಹೊಲಿಗೆಗೆ ಒಂದು ಸಾಲು, ಅದೂ 'ಪುರಾತನ ತಂತ್ರ' ಎಂಬಲ್ಲಿಗೆ ಮುಕ್ತಾಯ. ಒಂದು ತೂತಿನಲ್ಲಿ ಹುರಿ ಎಷ್ಟು ಸಲ ಹೋಗಿ ಬರುತ್ತದೆ, ಬಿಗಿಯುವಾಗ ಹಿಡಿಯುವವರೆಷ್ಟು ಮಂದಿ, ಹೊಲಿಗೆ ಹರಿದರೆ ಎಲ್ಲಿಂದ ಬಿಚ್ಚಬೇಕು ಎಂದು ಕೇಳಿದ ಒಬ್ಬ ವರದಿಗಾರನೂ ನನಗೆ ಸಿಗಲಿಲ್ಲ. ಕಟುಕನ ಅಂಗಡಿಯಲ್ಲಿ ನಿಂತು ಗಂಟು ನೋಡಿದ ಆಶ್ಲಿ ಅಲ್ಲಿದ್ದಿದ್ದರೆ ಕೇಳುತ್ತಿದ್ದ. ಕೇಳಿದ ಮೇಲೆ ಅದಕ್ಕೊಂದು ಸಂಖ್ಯೆಯನ್ನೂ ಕೊಡುತ್ತಿದ್ದ, ಅದು ಬೇರೆ ಮಾತು.

ಚೊಂಬಿನ ಗಂಟು ಕೊನೆಗೆ ಮೂರೆಳೆ ಏಳು ಬಾಗಿಗೆ ಮುಗಿಯಿತು. ಸಡಿಲವನ್ನು ಒಂದೊಂದೇ ಬಾಗಿನಿಂದ ದಬ್ಬಳದಲ್ಲಿ ಎತ್ತಿ ಮುಂದಕ್ಕೆ ದಾಟಿಸುತ್ತ ಬಿಗಿಯಲು ಅರ್ಧ ದಿನ ಹಿಡಿಯಿತು. ಷೋಕೇಸಿನಲ್ಲಿಡೋಣ ಎಂದುಕೊಂಡಿದ್ದೆ. ಮಾರನೆಯ ಬೆಳಗ್ಗೆ ನೋಡಿದರೆ ಚೊಂಬು ಬಚ್ಚಲೊಲೆಯ ಹತ್ತಿರ ಹೋಗಿತ್ತು. ಕಾದ ನೀರು ಮೊಗೆಯುವಾಗ ಕಂಠ ಹಿಡಿದರೆ ಈಗ ಕೈ ಸುಡುವುದಿಲ್ಲವಂತೆ.