ಸಲೀಂ ಎಂಬ ಹೆಸರು, ಅಬು ಎಂಬ ದನಿ

ಮಲಯಾಳಂ ಚಿತ್ರರಂಗದಲ್ಲಿ ‘ಮಿಮಿಕ್ರಿಯವರು’ ಎಂಬ ಮಾತಿಗೆ ಬಹುಕಾಲ ಒಂದು ತಾತ್ಸಾರದ ಧ್ವನಿಯಿತ್ತು. ರಂಗಭೂಮಿಯಿಂದ ಬಂದವನು ನಟ, ಮಿಮಿಕ್ರಿ ವೇದಿಕೆಯಿಂದ ಬಂದವನು ಬರೀ ನಗಿಸುವವನು ಎಂಬ ಲೆಕ್ಕಾಚಾರ. ಸಲೀಂ ಕುಮಾರ್ ಅವರ ಆರಂಭದ ದಿನಗಳನ್ನು ನೋಡಿದರೆ ಈ ಲೆಕ್ಕ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ.

ಅವರು ಹುಟ್ಟಿದ್ದು 1969ರಲ್ಲಿ, ಎರ್ನಾಕುಲಂ ಜಿಲ್ಲೆಯ ಉತ್ತರ ಪರವೂರಿನಲ್ಲಿ, ಒಂದು ಈಳವ ಕುಟುಂಬದಲ್ಲಿ. ಪಕ್ಕದ ಚೆರಾಯಿಯಲ್ಲೇ 1917ರಲ್ಲಿ ಸಹೋದರನ್ ಅಯ್ಯಪ್ಪನ್ ದಲಿತರ ಜೊತೆ ಸಹಭೋಜನ ನಡೆಸಿ, ಸ್ವಜಾತಿಯವರಿಂದಲೇ ಬೈಸಿಕೊಂಡಿದ್ದರು. ಆ ವಿಚಾರದ ಪ್ರಭಾವದಲ್ಲಿ ಮಕ್ಕಳಿಗೆ ಜಾತಿ ಧರ್ಮ ಗೊತ್ತಾಗದಂಥ ಹೆಸರಿಡುವ ರೂಢಿ ಅಲ್ಲಿ ಬೆಳೆಯಿತು. ಹಾಗೆ ಬಂದ ಹೆಸರು ಸಲೀಂ. ಆದರೆ ಶಾಲೆಗೆ ಸೇರಿದಾಗ ಮೇಷ್ಟರುಗಳು ಹುಡುಗನನ್ನು ಮುಸ್ಲಿಂ ಎಂದುಕೊಂಡರು, ತಂದೆ ‘ಕುಮಾರ್’ ಸೇರಿಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಗುರುತನ್ನು ಅಳಿಸಲೆಂದು ಇಟ್ಟ ಹೆಸರೇ ಒಂದು ಗುರುತಾಗಿ ಹೋಯಿತು! ಹೆಸರು ಕೇಳಿದ ಕೂಡಲೇ ಮನುಷ್ಯನನ್ನು ಯಾವುದೋ ಒಂದು ಖಾನೆಗೆ ತಳ್ಳುವ ನಮ್ಮ ಸಮಾಜದಲ್ಲಿ ಇದೇನೂ ವಿಶೇಷವಲ್ಲ, ಬಿಡಿ.

ಹಾಡುಗಾರನಾಗುವ ಆಸೆಯಿದ್ದ ಹುಡುಗ ಅಣಕು ದನಿಗಳತ್ತ ಹೊರಳಿದ. ಮಹಾರಾಜಾಸ್ ಕಾಲೇಜಿನಲ್ಲಿ ಮಲಯಾಳಂ ಬಿ.ಎ. ಓದು, ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ ಮೂರು ಬಾರಿ ಮಿಮಿಕ್ರಿಯ ಬಹುಮಾನ. ಬಳಿಕ ಕೊಚ್ಚಿಯ ಕಲಾಭವನ. ಒಬ್ಬೊಬ್ಬರೇ ಮಾಡುತ್ತಿದ್ದ ಮಿಮಿಕ್ರಿಯನ್ನು 1981ರಲ್ಲಿ ‘ಮಿಮಿಕ್ಸ್ ಪರೇಡ್’ ಎಂಬ ತಂಡದ ಆಟವಾಗಿಸಿದ ಸಂಸ್ಥೆಯಿದು. ಸಿದ್ದೀಕ್–ಲಾಲ್, ಜಯರಾಂ, ಕಲಾಭವನ್ ಮಣಿ ಬಂದದ್ದೂ ಇಲ್ಲಿಂದಲೇ. ಮುಂದೆ ಏಷ್ಯಾನೆಟ್‌ನ ‘ಕಾಮಿಕೋಲ’, ತೊಂಬತ್ತರ ದಶಕದ ನಡುವೆ ಸಿನಿಮಾದ ಸಣ್ಣಪುಟ್ಟ ಪಾತ್ರಗಳು. ಜನ ಗುರುತಿಸಿದ್ದು 2000ದ ‘ತೆಂಕಾಶಿಪಟ್ಟಣಂ’ನಿಂದ. ‘ಮೀಶ ಮಾಧವನ್’, ‘ಕಲ್ಯಾಣರಾಮನ್’, ‘ಪುಲಿವಾಲ್ ಕಲ್ಯಾಣಂ’ಗಳಲ್ಲಿ ಅವರಾಡಿದ ಮಾತುಗಳು ಇಂದಿಗೂ ಮಲಯಾಳಿಗಳ ಮೊಬೈಲುಗಳಲ್ಲಿ ಮೀಮ್‌ಗಳಾಗಿ ಓಡಾಡುತ್ತಿವೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಹೇಳಲೇಬೇಕು. ಇದೇ ಮಿಮಿಕ್ರಿ ವೇದಿಕೆ ಮಲಬಾರಿನ ‘ಕಾಕಾ’ನನ್ನು ನಗೆಯ ಸರಕಾಗಿಸಿತು. ಎಳೆದೆಳೆದು ಆಡುವ ಮಾಪಿಳ್ಳ ಮಾತು, ಲುಂಗಿ, ಟೊಪ್ಪಿ, ಇಷ್ಟಿದ್ದರೆ ಪಾತ್ರ ಸಿದ್ಧ. ಕನ್ನಡ ಸಿನಿಮಾಗಳ ‘ನಿಮ್ದುಕೆ ನಮ್ದುಕೆ’ ಎನ್ನುವ ಸಾಬಿಯೂ ಈ ಸಿದ್ಧಮಾದರಿಯ ತಮ್ಮನೇ. ದಲಿತರು, ಕಪ್ಪುಬಣ್ಣದವರು, ಹೆಂಗಸರು ಕೂಡ ಈ ನಗೆಯ ಏಟು ತಿಂದಿದ್ದಾರೆ. ಸಲೀಂ ಕುಮಾರ್ ತಮ್ಮದೇ ಬಣ್ಣವನ್ನೂ ರೂಪವನ್ನೂ ಎಷ್ಟೋ ಸಲ ಈ ನಗೆಗೆ ಒಪ್ಪಿಸಿದವರು.

ಆದ್ದರಿಂದಲೇ ಸಲೀಂ ಅಹಮದ್ ನಿರ್ದೇಶನದ ‘ಆದಾಮಿಂಡೆ ಮಗನ್ ಅಬು’ ಮುಖ್ಯವಾಗುತ್ತದೆ. ಇದಕ್ಕೂ ಮೊದಲು ಲಾಲ್ ಜೋಸ್ ಅವರ ‘ಅಚ್ಛನುರಂಗಾತ್ತ ವೀಡ್’ನಲ್ಲಿ ಮಗಳಿಗಾಗಿ ನೊಂದ ತಂದೆಯಾಗಿ ಅವರು ಕೇರಳ ಸರ್ಕಾರದ ಎರಡನೇ ಅತ್ಯುತ್ತಮ ನಟ ಪ್ರಶಸ್ತಿ ಪಡೆದಿದ್ದರು. ಆದರೆ ಅಲ್ಲಿ ದುಃಖ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತದೆ. ಅಬು ಹಾಗಲ್ಲ. ಅತ್ತರು ಮಾರುತ್ತ, ಹೆಂಡತಿ ಐಶುಮ್ಮಳ ಜೊತೆ ಹಜ್ಜಿಗೆಂದು ಕಾಸು ಕೂಡಿಡುವ ಮುದುಕ. ಆಗಿನ್ನೂ ನಲವತ್ತರ ಆಸುಪಾಸಿನಲ್ಲಿದ್ದ ನಟ ಆ ಮುಪ್ಪನ್ನು ನಡುಗುವ ದನಿಯಿಂದ ತೋರಿಸುವುದಿಲ್ಲ. ಮಿಮಿಕ್ರಿಯವನಿಗೆ ಅದು ತೀರಾ ಸುಲಭದ ಕೆಲಸವಾಗಿತ್ತು. ಅವರು ಮಾತಿನ ವೇಗ ತಗ್ಗಿಸುತ್ತಾರೆ, ಉತ್ತರ ಕೊಡುವ ಮೊದಲು ಒಂದು ಗಳಿಗೆ ಸುಮ್ಮನಿರುತ್ತಾರೆ. ಮಾಪಿಳ್ಳ ನುಡಿ ಇದೆ, ಆದರೆ ಅದು ನಗೆಗಾಗಿ ಎಳೆದದ್ದಲ್ಲ. ನೂರಾರು ದನಿಗಳನ್ನು ಕಿವಿಗೊಟ್ಟು ಕೇಳಿದವನಿಗೆ ಮಾತ್ರ ಯಾವುದನ್ನು ಬಿಡಬೇಕೆಂಬುದು ಗೊತ್ತಿರುತ್ತದೆ.

ಹಜ್ಜಿನ ಖರ್ಚಿಗೆ ಮನೆಯಂಗಳದ ಹಲಸಿನ ಮರವನ್ನು ಅಬು ಮಾರುತ್ತಾನೆ. ಕಡಿದಾಗ ಒಳಗೆ ಪೊಳ್ಳು. ಮರದ ಮಿಲ್ಲಿನ ಜಾನ್ಸನ್ ಆದರೂ ಪೂರ್ತಿ ಹಣ ಕೊಡಲು ಸಿದ್ಧನಿದ್ದಾನೆ, ಅಬುವಿಗೆ ಅದು ಬೇಡ. ಜಾನ್ಸನ್ ಆಗಿರುವುದು ಕಲಾಭವನ್ ಮಣಿ (ಅವರು 2016ರಲ್ಲಿ ತೀರಿಕೊಂಡರು). ಕಲಾಭವನದ ಇಬ್ಬರು ಮಿಮಿಕ್ರಿಯವರು ಎದುರುಬದುರು, ಇಬ್ಬರಲ್ಲೂ ಒಂದಿಷ್ಟೂ ಅಣಕವಿಲ್ಲ. ಚಿತ್ರದಲ್ಲಿ ಸುತ್ತಲಿನವರು ಬಹುತೇಕ ಒಳ್ಳೆಯವರೇ. ಈ ಅತಿ ಒಳ್ಳೆಯತನ ಕೆಲವೊಮ್ಮೆ ಸಿಹಿಯೆನಿಸುತ್ತದೆ. ಅದು ಜಾರದಂತೆ ಹಿಡಿದಿರುವುದು ಅಬುವಿನ ಹಟ, ಅಂದರೆ ಸಲೀಂ ಕುಮಾರ್ ಅವರ ಸಂಯಮ.

2010ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರವಾಯಿತು, ಸಲೀಂ ಕುಮಾರ್ ಧನುಷ್ ಜೊತೆ ಅತ್ಯುತ್ತಮ ನಟ ಪ್ರಶಸ್ತಿ ಹಂಚಿಕೊಂಡರು. ಮೂರು ವರ್ಷಗಳ ಬಳಿಕ, 2013ರ ಸಾಲಿನಲ್ಲಿ, ಅದೇ ಪ್ರಶಸ್ತಿಯಲ್ಲಿ ಮತ್ತೊಬ್ಬ ಮಿಮಿಕ್ರಿಯವರಾದ ಸುರಾಜ್ ವೆಂಞಾರಮೂಡ್ ಪಾಲು ಪಡೆದರು. ಅಬುವಿನ ಎತ್ತರದ ಪಾತ್ರಗಳು ಸಲೀಂ ಕುಮಾರ್‌ಗೆ ಮತ್ತೆ ಸಾಲುಗಟ್ಟಿ ಬರಲಿಲ್ಲ. 2017ರಲ್ಲಿ ತೆರೆಕಂಡ, ಕೇರಳದ ಒಬ್ಬ ಯಹೂದಿಯ ಕಥೆಯಾದ ‘ಕರುತ್ತ ಜೂತನ್’ ಅನ್ನು ಅವರು ತಾವೇ ಬರೆದು, ನಿರ್ದೇಶಿಸಿ, ನಟಿಸಿದರು.