ವೈಟ್ ಮೆಲ್ವಿಲ್ಲನ ಕಾದಂಬರಿಗಳಲ್ಲಿ ಮೃಗಯೆ

ಖಡ್ಗವನ್ನು ಹಿಡಿದ ಕೈಯಲ್ಲಿಯೇ ಲೇಖನಿಯನ್ನೂ ಹಿಡಿದವರು ಕನ್ನಡಿಗರಿಗೆ ಅಪರಿಚಿತರಲ್ಲ. ಪಂಪನು ಕವಿಯೂ ಅಹುದು, ಕಲಿಯೂ ಅಹುದು. ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದುಕೊಂಡೇ ೯೭೮ರಲ್ಲಿ ತನ್ನ ಪುರಾಣವನ್ನು ಗದ್ಯದಲ್ಲಿ ರಚಿಸಿದನು. ವಿಕ್ಟೋರಿಯಾ ಮಹಾರಾಣಿಯ ಕಾಲದಲ್ಲಿ ಆಂಗ್ಲಭಾಷೆಯಲ್ಲಿಯೂ ಇಂತಹ ಲೇಖಕರು ಕೆಲವರು ಇದ್ದರು. ಅವರಲ್ಲಿ ಜಾರ್ಜ್ ಜಾನ್ ವೈಟ್ ಮೆಲ್ವಿಲ್ಲನ ಹೆಸರು ಒಂದು ಕಾಲಕ್ಕೆ ಮನೆಮಾತಾಗಿದ್ದಿತು. ಈಗ ಆತನನ್ನು ಓದುವವರು ವಿರಳ. ವಿರಳವಾಗಿರುವುದು ನ್ಯಾಯವೇ, ಅನ್ಯಾಯವೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೆಲ್ವಿಲ್ಲನು ೧೮೨೧ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಬಳಿ ಭೂಮಾಲಿಕರ ಕುಲದಲ್ಲಿ ಜನಿಸಿದನು. ಈಟನ್ ಶಾಲೆಯಲ್ಲಿ ವಿದ್ಯಾಭ್ಯಾಸವಾಯಿತು. ೧೮೩೯ರಲ್ಲಿ ಹೈಲೆಂಡರ್ ದಳವೊಂದನ್ನು ಸೇರಿ, ೧೮೪೬ರಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ದಳಕ್ಕೆ ಬಂದು, ೧೮೪೯ರಲ್ಲಿ ಕ್ಯಾಪ್ಟನ್ ಪದವಿಯಲ್ಲಿದ್ದಾಗ ಸೇವೆಯನ್ನು ಬಿಟ್ಟನು. ಮರುವರ್ಷ ಹೊರೇಸ್ ಎಂಬ ಲ್ಯಾಟಿನ್ ಕವಿಯ ಗೀತೆಗಳ ಅನುವಾದವನ್ನು ಪ್ರಕಟಿಸಿದನು; ೧೮೫೩ರಲ್ಲಿ ಮೊದಲ ಕಾದಂಬರಿಯಾದ ‘ಡಿಗ್ಬಿ ಗ್ರಾಂಡ್’ ಪುಸ್ತಕರೂಪದಲ್ಲಿ ಹೊರಬಂದಿತು. ಕ್ರಿಮಿಯಾ ಯುದ್ಧವು ಒದಗಿದಾಗ ಸ್ವಇಚ್ಛೆಯಿಂದ ಪುನಃ ಹೊರಟು, ತುರ್ಕರ ಅಶ್ವದಳವೊಂದರಲ್ಲಿ ಅಧಿಕಾರಿಯಾದನು. ಅನಂತರ ಆತನ ಬಾಳು ಎರಡೇ ಕಾರ್ಯಗಳಲ್ಲಿ ಕಳೆಯಿತು: ಋತುವಿನಲ್ಲಿ ಬೇಟೆ, ಉಳಿದ ಕಾಲದಲ್ಲಿ ಬರವಣಿಗೆ. ಇಪ್ಪತ್ತಕ್ಕೂ ಮಿಕ್ಕ ಗ್ರಂಥಗಳು ಹೀಗೆ ಹುಟ್ಟಿದವು.

ಇಂತಹ ಲೇಖಕನನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು? ಕಾವ್ಯಕ್ಕೆ ಹೇತುಗಳಾವುವೆಂದು ಹೇಳುವಾಗ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಎಣಿಸುತ್ತಾನೆ. ನಿಪುಣತೆಯು ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ನೋಡುವುದರಿಂದ ಬರತಕ್ಕದ್ದು. ಆ ಶಾಸ್ತ್ರಗಳಾವುವೆಂದು ವಿವರಿಸುವಲ್ಲಿ ಆತನು ಛಂದಸ್ಸು, ವ್ಯಾಕರಣಗಳ ಸಂಗಡ ಆನೆ, ಕುದುರೆ, ಖಡ್ಗಗಳ ಲಕ್ಷಣಗ್ರಂಥಗಳನ್ನೂ ಸೇರಿಸಿರುವನು. ಪಾಠಶಾಲೆಯಲ್ಲಿ ಈ ವಾಕ್ಯವನ್ನು ಓದಿದಾಗ, ಕವಿಗೆ ಕುದುರೆಯ ಲಕ್ಷಣವೇಕೆಂದು ನಮಗೆ ಸೋಜಿಗವಾಗಿದ್ದಿತು. ಮೆಲ್ವಿಲ್ಲನನ್ನು ಓದಿದ ಮೇಲೆ ಅದರ ಅರ್ಥವು ತಿಳಿಯಿತು. ಬೇಲಿಯ ಮುಂದೆ ಬಂದ ಕುದುರೆಯು ಹಿಂಜರಿಯುವುದೋ ನೆಗೆಯುವುದೋ ಎಂಬ ಒಂದು ಕ್ಷಣದಲ್ಲಿ ಸವಾರನ ಕೈ, ತೊಡೆ, ಮನಸ್ಸು ಏನು ಮಾಡುತ್ತವೆಂಬುದನ್ನು ಆತನು ಪುಸ್ತಕದಿಂದ ಎತ್ತಿ ಬರೆದವನಲ್ಲ. ಸ್ವಾನುಭವವಿಲ್ಲದವನು ಅಂತಹ ಪುಟಗಳನ್ನು ಬರೆಯಲಾರನು.

ಈ ಗುಣವು ‘ಮಾರ್ಕೆಟ್ ಹಾರ್ಬರೋ’ ಎಂಬ ೧೮೬೧ರ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸಾಯರ್ ಎಂಬ ಸಾಮಾನ್ಯ ಗೃಹಸ್ಥನು ತನ್ನ ಸೀಮೆಯ ಬೇಟೆಯಲ್ಲಿ ತೃಪ್ತಿಯಿಲ್ಲದೆ, ಧನಿಕರು ಕೂಡುವ ಪ್ರಸಿದ್ಧವಾದ ಬೇಟೆಯ ಸೀಮೆಗೆ ಬರುತ್ತಾನೆ. ಅಲ್ಲಿನ ಡಂಭವನ್ನೂ ಕುದುರೆ ವ್ಯಾಪಾರದ ಕಪಟವನ್ನೂ ಲೇಖಕನು ನಗುನಗುತ್ತ ತೋರಿಸುವನು. ‘ಕೇಟ್ ಕವೆಂಟ್ರಿ’ಯಲ್ಲಿ ಕುದುರೆ ಸವಾರಿಯನ್ನು ಪ್ರಾಣದಂತೆ ಪ್ರೀತಿಸುವ ತರುಣಿಯೊಬ್ಬಳ ಬಾಯಿಂದಲೇ ಕಥೆಯನ್ನು ಹೇಳಿಸಿದ್ದಾನೆ, ಸೈನಿಕನೊಬ್ಬನು ೧೮೫೬ರಲ್ಲಿ ಇದನ್ನು ಮಾಡಿದನೆಂಬುದು ಮೆಚ್ಚತಕ್ಕ ಸಂಗತಿ. ‘ಡಿಗ್ಬಿ ಗ್ರಾಂಡ್’ನಲ್ಲಿ ಸಾಲ, ಜೂಜು, ಶೋಕಿಗಳಿಂದ ಕೆಡುವ ಯುವಕ ಅಧಿಕಾರಿಯನ್ನು ಚಿತ್ರಿಸಿದ್ದಾನೆ. ಆ ಕಾಲದಲ್ಲಿ ಅವರ ಸೈನ್ಯದ ಅಧಿಕಾರಪದವಿಗಳನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯಿದ್ದಿತು. ಅದು ರದ್ದಾದುದು ೧೮೭೧ರಲ್ಲಿ. ಆ ಪದ್ಧತಿಯೊಳಗೆ ಬೆಳೆದವನ ಸಾಕ್ಷ್ಯವೆಂದು ಈ ಗ್ರಂಥಕ್ಕೆ ಈಗಲೂ ಬೆಲೆಯುಂಟು.

ದೋಷಗಳನ್ನು ಮುಚ್ಚುವುದು ವಿಮರ್ಶಕನ ಧರ್ಮವಲ್ಲ. ತಾನು ಕಂಡ ಲೋಕವನ್ನು ಬಿಟ್ಟು ಹೊರಗೆ ಕಾಲಿಟ್ಟಾಗಲೆಲ್ಲ ಮೆಲ್ವಿಲ್ಲನು ತಡವರಿಸುತ್ತಾನೆ. ‘ಗ್ಲಾಡಿಯೇಟರ್ಸ್’ ಎಂಬ ಚಾರಿತ್ರಿಕ ಕಾದಂಬರಿಯಲ್ಲಿ ರೋಮ್ ನಗರದ ಮಲ್ಲರಂಗವೂ ಕ್ರಿ.ಶ. ೭೦ರ ಜೆರೂಸಲೇಮಿನ ಮುತ್ತಿಗೆಯೂ ವರ್ಣಿತವಾಗಿವೆ. ಕಾಳಗಗಳು ಜೀವಂತವಾಗಿವೆ, ಕಾದುವ ಮನುಷ್ಯರು ಮಾತ್ರ ವೇಷಧಾರಿಗಳಂತೆ ತೋರುತ್ತಾರೆ. ಪ್ರಣಯಪ್ರಸಂಗಗಳಲ್ಲಿ ಕಣ್ಣೀರು ಹೆಚ್ಚು, ಔಚಿತ್ಯ ಕಡಮೆ. ನಿಪುಣತೆ, ಅಭ್ಯಾಸಗಳೆರಡೂ ಇದ್ದು ಶಕ್ತಿಯು ಎಡೆಬಿಟ್ಟು ಮಿಂಚುವ ಲೇಖಕನೆಂದು ಹೇಳುವುದೇ ನ್ಯಾಯ.

ಆದರೆ ನಮ್ಮ ಮುಖ್ಯವಾದ ಆಕ್ಷೇಪಣೆಯು ಬೇರೆಯಾಗಿದೆ. ಮನುವು ಕಾಮಜವಾದ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲು ಹೇಳಿದನು. ಹಾಗೆಂದು ನಮ್ಮ ಕವಿಗಳು ಬೇಟೆಯನ್ನು ವರ್ಣಿಸದೆ ಬಿಟ್ಟರೇ? ಬಿಡಲಿಲ್ಲ. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಮೃಗಯೆಯ ಗುಣಗಳನ್ನು ಬಾಯ್ತುಂಬ ಹೊಗಳುವನು. ಆದರೆ ಅದೇ ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ, ತನ್ನ ಗಂಡು ಜಿಂಕೆಗೆ ಮೈಯನ್ನು ಅಡ್ಡವಾಗಿಟ್ಟು ನಿಂತ ಹೆಣ್ಣು ಜಿಂಕೆಯನ್ನು ಕಂಡು, ಕಿವಿಯವರೆಗೆ ಎಳೆದ ಬಾಣವನ್ನು ದಶರಥನು ಇಳಿಸಿದನೆಂದು ಹೇಳುತ್ತಾನೆ. ಆ ಸರ್ಗವು ಮುಗಿಯುವುದು ಮುನಿಕುಮಾರನ ಸಾವಿನಲ್ಲಿ, ಶಾಪದಲ್ಲಿ. ಬೇಟೆಯ ಉತ್ಸಾಹವೂ ಅದರ ಬೆಲೆಯೂ ಒಂದೇ ಸರ್ಗದಲ್ಲಿ ತೂಗಿವೆ.

ಮೆಲ್ವಿಲ್ಲನಲ್ಲಿ ಈ ಎರಡನೆಯ ತಟ್ಟೆಯು ಬರಿದು. ಆತನಿಗೆ ದಯೆಯಿರಲಿಲ್ಲವೆಂದಲ್ಲ. ೧೮೭೮ರಲ್ಲಿ ಪ್ರಕಟವಾದ ‘ರೈಡಿಂಗ್ ರಿಕಲೆಕ್ಷನ್ಸ್’ ಎಂಬ ಸವಾರಿಯ ಗ್ರಂಥದ ಮೊದಲ ಅಧ್ಯಾಯದ ಹೆಸರೇ ದಯೆ. ಸವಾರನು ಹಿಮ್ಮಡಿಯ ಮುಳ್ಳನ್ನು ಹೇಗೆ ದುರುಪಯೋಗಪಡಿಸುತ್ತಾನೆಂಬುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕುದುರೆಯ ಮನಸ್ಸನ್ನು ಇಷ್ಟು ಬಲ್ಲವನಿಗೆ, ನಾಯಿಗಳ ಹಿಂಡಿನ ಮುಂದೆ ಬಸವಳಿದು ಓಡುವ ನರಿಯ ಮನಸ್ಸು ಏಕೆ ತೋರಲಿಲ್ಲ? ಆತನ ಕಥೆಗಳಲ್ಲಿ ನರಿಯು ಓಟಕ್ಕೆ ಒಂದು ನೆಪ ಮಾತ್ರ. ಕುದುರೆಯವರೆಗೆ ಬಂದ ಕರುಣೆಯು ಬೇಲಿಯನ್ನು ದಾಟಲಿಲ್ಲ. ಇದನ್ನು ಧರ್ಮಶಾಸ್ತ್ರದ ದೃಷ್ಟಿಯಿಂದಲ್ಲ, ಸಾಹಿತ್ಯದ ದೃಷ್ಟಿಯಿಂದಲೇ ದೋಷವೆನ್ನುತ್ತೇವೆ. ವೀರಕ್ಕೆ ಕರುಣವು ಹಿನ್ನೆಲೆಯಾಗದಿದ್ದರೆ ಉತ್ಸಾಹವು ಭಾವವಾಗಿಯೇ ನಿಂತು, ರಸವಾಗಿ ಪರಿಣಮಿಸುವುದಿಲ್ಲ. ಈತನ ಒಳ್ಳೆಯ ಪುಟಗಳನ್ನು ಓದಿ ಮೈ ನವಿರೇಳುತ್ತದೆ. ಪುಸ್ತಕವನ್ನು ಮುಚ್ಚಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಅಲ್ಪ.

ಹೀಗೆ ಬರೆದು ನಿಲ್ಲಿಸಿದರೆ ಮನುಷ್ಯನಿಗೆ ಅನ್ಯಾಯ ಮಾಡಿದಂತಾಗುವುದು. ಗ್ರಂಥಗಳಿಂದ ಬಂದ ಹಣದ ಬಹುಭಾಗವನ್ನು ಆತನು ಧರ್ಮಕಾರ್ಯಗಳಿಗೆ ವಿನಿಯೋಗಿಸಿದನು. ವಿಶೇಷವಾಗಿ ಬೇಟೆಯ ಊರುಗಳಲ್ಲಿ ಲಾಯದ ಹುಡುಗರಿಗೂ ಕಾಸದಾರರಿಗೂ ವಾಚನಾಲಯಗಳನ್ನು ಏರ್ಪಡಿಸಿದನು. ಒಡೆಯರ ವಿನೋದವನ್ನು ಬರೆದು ಗಳಿಸಿದ್ದು ಆಳುಗಳ ಓದಿಗೆ ಸಂದಿತು. ಅಕ್ಷರವನ್ನು ಕಲಿಸಿ ಮುದುಕನಾದ ನನಗೆ, ಆತನ ಯಾವ ಕಾದಂಬರಿಗಿಂತಲೂ ಇದು ದೊಡ್ಡದಾಗಿ ಕಾಣುತ್ತದೆ.

೧೮೭೮ರ ಡಿಸೆಂಬರ್ ೫ರಂದು ಬೇಟೆಗೆ ಹೋಗಿದ್ದಾಗ, ಎತ್ತರವಾದ ಬೇಲಿಯನ್ನಾಗಲಿ ಆಳವಾದ ಹಳ್ಳವನ್ನಾಗಲಿ ದಾಟುವಾಗಲ್ಲ, ಬರಿಯ ಉತ್ತ ಹೊಲದಲ್ಲಿ ಓಡಿಸುತ್ತಿರುವಾಗ ಕುದುರೆಯಿಂದ ಬಿದ್ದು ಆತನು ಮಡಿದನು. ಆಗ ಐವತ್ತೇಳು ವರ್ಷ. ನಾಯಿಗಳನ್ನು ಬಿಟ್ಟು ನರಿಯನ್ನು ಕೊಲ್ಲುವ ಆ ಬೇಟೆಯನ್ನೇ ಇಂಗ್ಲೆಂಡಿನ ಪಾರ್ಲಿಮೆಂಟು ೨೦೦೪ರ ಶಾಸನದಿಂದ ನಿಷೇಧಿಸಿತು. ಆತನು ಕಾಣದ ಎರಡನೆಯ ತಟ್ಟೆಯನ್ನು ಆತನ ಜನರೇ ತಡವಾಗಿ ಕಂಡರು.

ಆದುದರಿಂದ ಮೆಲ್ವಿಲ್ಲನನ್ನು ಮಹಾಕಾದಂಬರೀಕಾರರ ಪಂಕ್ತಿಯಲ್ಲಿ ಕೂರಿಸುವುದು ಸಲ್ಲದು. ಕಸಕ್ಕೆ ಎಸೆಯುವುದೂ ಸಲ್ಲದು. ಕಾದಂಬರಿ ಬರೆಯಹೊರಟ ನಮ್ಮ ತರುಣರು ಆತನಿಂದ ಒಂದನ್ನು ಕಲಿಯಬಹುದು, ಒಂದನ್ನು ಎಚ್ಚರಿಕೆಯಾಗಿ ಗ್ರಹಿಸಬಹುದು. ತಾವು ಬಲ್ಲದ್ದನ್ನು ಕೈಯಾರೆ ಮುಟ್ಟಿದವರಂತೆ ಬರೆಯುವುದು ಕಲಿಯತಕ್ಕದ್ದು. ಬಲ್ಲದ್ದರ ಆಚೆಗಿರುವ ಮೂಕಪ್ರಾಣಿಯ ಕಡೆಗೆ ಒಮ್ಮೆಯಾದರೂ ತಿರುಗಿ ನೋಡದಿದ್ದರೆ ಬರೆಹವು ಎಷ್ಟು ಚೆನ್ನಾಗಿದ್ದರೂ ಕುಂಟುವುದೆಂಬುದು ಎಚ್ಚರಿಕೆ. ಸಹೃದಯರು ಓದಿ ವಿಚಾರಿಸಲಿ.