ಕೇಳದೆ ಉಳಿದ ಪ್ರಶ್ನೆ

ಅನ್ಯ ಸಂಸ್ಕೃತಿಯ ರೋಗಿಗಳೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಲು ಅಮೆರಿಕದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ಪುಸ್ತಕವನ್ನು ಓದಿಸುತ್ತಾರೆ. ಆನ್ ಫ್ಯಾಡಿಮನ್ ಬರೆದ, 1997ರಲ್ಲಿ ಪ್ರಕಟವಾದ 'ದಿ ಸ್ಪಿರಿಟ್ ಕ್ಯಾಚಸ್ ಯೂ ಆ್ಯಂಡ್ ಯೂ ಫಾಲ್ ಡೌನ್'. 'ಆತ್ಮ ಹಿಡಿಯಿತು, ನೀನು ಬಿದ್ದೆ' - ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಮೋಂಗ್ ಜನರು ಮೂರ್ಛೆರೋಗಕ್ಕೆ ಇಟ್ಟ ಹೆಸರಿದು. ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವ ನಮ್ಮ ಊರುಗಳಿಗೆ ಇದು ತೀರಾ ಅಪರಿಚಿತವೇನಲ್ಲ.

ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ 1982ರಲ್ಲಿ ಹುಟ್ಟಿದ ಲಿಯಾ ಲೀಗೆ ಮೂರು ತಿಂಗಳಾದಾಗ ಮೊದಲ ಸೆಳೆತ ಬಂತು. ಅಕ್ಕ ಬಾಗಿಲನ್ನು ದಢಾರನೆ ಹಾಕಿದಾಗ ಬೆಚ್ಚಿದ ಮಗುವಿನ ಆತ್ಮ ದೇಹ ಬಿಟ್ಟುಹೋಯಿತೆಂದು ಹೆತ್ತವರು ನಂಬಿದರು. ಮೊದಲೆರಡು ಸಲ ಆಸ್ಪತ್ರೆ ತಲುಪುವಷ್ಟರಲ್ಲಿ ಸೆಳೆತ ನಿಂತಿತ್ತು. ನಡೆದದ್ದನ್ನು ಹೇಳಲು ದುಭಾಷಿಯಿಲ್ಲ. ಎದೆಯ ಸೋಂಕೆಂದು ಮದ್ದು ಕೊಟ್ಟು ಕಳಿಸಿದರು. ರೋಗ ಪತ್ತೆಯಾದ ಬಳಿಕ ನಾಲ್ಕು ವರ್ಷಗಳೊಳಗೆ ಔಷಧಿಯ ಚೀಟಿ 23 ಸಲ ಬದಲಾಯಿತು. ತಂದೆತಾಯಿಗೋ ಯಾವ ಭಾಷೆಯ ಅಕ್ಷರವೂ ಬಾರದು! ಮದ್ದು ಸರಿಯಾಗಿ ಕೊಡುತ್ತಿಲ್ಲವೆಂಬ ವೈದ್ಯರ ದೂರಿನ ಮೇಲೆ 1985ರಲ್ಲಿ ಮಗುವನ್ನು ಅವರಿಂದ ಬೇರ್ಪಡಿಸಿ ಬೇರೊಂದು ಕುಟುಂಬದ ವಶಕ್ಕೆ ಕೊಡಲಾಯಿತು. ಮನೆಗೆ ಮರಳಿದ ಮೇಲೆ, 1986ರ ನವೆಂಬರ್‌ನಲ್ಲಿ ಬಂದ ಭಾರೀ ಸೆಳೆತದ ಬಳಿಕ ಅವಳಿಗೆ ಪ್ರಜ್ಞೆ ಮರಳಲೇ ಇಲ್ಲ. 2012ರಲ್ಲಿ ತೀರಿಕೊಳ್ಳುವವರೆಗೂ ಮನೆಯವರೇ ಆರೈಕೆ ಮಾಡಿದರು.

ಫ್ಯಾಡಿಮನ್ ಯಾರನ್ನೂ ಖಳರನ್ನಾಗಿಸುವುದಿಲ್ಲ. ಮಗುವಿಗಾಗಿ ನಿದ್ದೆಗೆಟ್ಟ ವೈದ್ಯ ದಂಪತಿಯನ್ನೂ ಪ್ರೀತಿಯಿಂದಲೇ ಚಿತ್ರಿಸುತ್ತಾರೆ. ನಮ್ಮ ತಕರಾರಿರುವುದು ಇದನ್ನು 'ಎರಡು ಸಂಸ್ಕೃತಿಗಳ ಢಿಕ್ಕಿ' ಎನ್ನುವ ಉಪಶೀರ್ಷಿಕೆಯ ಬಗ್ಗೆ. ದುಭಾಷಿಗೆ ಸಂಬಳ ಕೊಡದ ಆಸ್ಪತ್ರೆಯ ಕೊರತೆಯನ್ನು ಸಂಸ್ಕೃತಿಯ ತಲೆಗೆ ಕಟ್ಟುವುದು ಸುಲಭ. ಮಂಗಳೂರಿನ ಆಸ್ಪತ್ರೆಯಲ್ಲಿ ಬ್ಯಾರಿ ಭಾಷೆ ಮಾತ್ರ ಬಲ್ಲ ಅಜ್ಜಿಯ ಮಾತನ್ನು ಮೊಮ್ಮಗ ಕನ್ನಡಕ್ಕೆ ತಿರುಗಿಸಿ ಹೇಳುವಾಗ, ಅವನೆದುರು ಆಡಲಾಗದ್ದು ಅಜ್ಜಿಯಲ್ಲೇ ಉಳಿದರೆ ಅದು ಯಾವ ಸಂಸ್ಕೃತಿಯ ದೋಷ?

ಪುಸ್ತಕದಲ್ಲಿ ನಮಗೆ ಹೆಚ್ಚು ಹಿಡಿಸಿದವರು ಮನಃಶಾಸ್ತ್ರಜ್ಞೆ ಸೂಕಿ ವಾಲರ್. ಅವರ ವೃತ್ತಿಗೆ ಮೋಂಗ್ ಭಾಷೆಯಲ್ಲಿ ಹೆಸರಿಲ್ಲದ ಕಾರಣ 'ಹೃದಯ ಸರಿಪಡಿಸುವವಳು' ಎಂದು ಪರಿಚಯ. ತಲೆ ಮುಟ್ಟಬೇಡ, ಗಂಡಸರೊಡನೆ ಮಾತಾಡಬೇಡ ಎಂಬ ಎಚ್ಚರಿಕೆಗಳನ್ನೆಲ್ಲ ಆಕೆ ಬದಿಗಿಟ್ಟರು. ಏನು ಮಾಡುವ ಮೊದಲೂ 'ಹೀಗೆ ಮಾಡಲೇ?' ಎಂದು ಕೇಳುವುದೊಂದೇ ಅವರ ನಿಯಮ. ಆಪ್ತಸಮಾಲೋಚನೆಯ ತರಬೇತಿಗಳು ಹಂಚುವ 'ಮುಸ್ಲಿಮರು ಹೀಗೆ, ಆದಿವಾಸಿಗಳು ಹಾಗೆ' ಎಂಬ ಪಟ್ಟಿಗಳಿಗಿಂತ ಇದು ಎಷ್ಟೋ ಮೇಲು.

ಈ ರೋಗವನ್ನು ಏನೆಂದು ಕರೆಯುತ್ತೀರಿ, ಏಕೆ ಬಂತು, ಎಂಥ ಚಿಕಿತ್ಸೆ ಬೇಕು ಎಂಬಂಥ ಎಂಟು ಪ್ರಶ್ನೆಗಳನ್ನು ವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ರೂಪಿಸಿದ್ದಾರೆ. ಲಿಯಾಳ ಹೆತ್ತವರು ಏನು ಹೇಳುತ್ತಿದ್ದರೆಂದು ಫ್ಯಾಡಿಮನ್ ಉತ್ತರಿಸುತ್ತಾರೆ: ಒಂದು ವಾರ ಮದ್ದು ಕೊಡಿ, ಜೊತೆಗೆ ಮನೆಯಲ್ಲಿ ನಮ್ಮ ಬಲಿಯೂ ನಡೆಯಲಿ. ಅಂದರೆ ಮದ್ದು ಬೇಡವೆಂದು ಅವರು ಹಟ ಹಿಡಿದಿರಲಿಲ್ಲ. ವಾರವೆಂದವರನ್ನು ಎದುರು ಕೂರಿಸಿಕೊಂಡು, ಅವರ ಭಾಷೆಯಲ್ಲಿ ಮಾತಾಡಿ, ಮತ್ತಷ್ಟು ದಿನಗಳಿಗೆ ಒಪ್ಪಿಸುವ ಪ್ರಯತ್ನವನ್ನಾದರೂ ಮಾಡಬಹುದಿತ್ತು.